ಅಪ್ಪನ ಬಿಸ್ಕತ್ತಿನ ಡಬ್ಬಿಯಲ್ಲಿ 37 ಎಚ್‌ಎಂಟಿ ವಾಚು. ಊರಲ್ಲೇ ಮಾರುವುದಾ, ಆನ್‌ಲೈನಾ?

ಶಿರಾಗೇಟ್ ಹುಡುಗ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪ ತೀರಿಕೊಂಡು ಒಂಬತ್ತು ತಿಂಗಳಾಯಿತು. ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿಯಲ್ಲಿದ್ದರು. 1981ರಲ್ಲಿ ಸೇರಿದವರು, ಆಮೇಲೆ ವಿಆರ್‌ಎಸ್ ತೆಗೆದುಕೊಂಡರು. ಅಲ್ಲಿಂದಾಚೆಗೆ ಮನೆ ಪಡಸಾಲೆಯಲ್ಲೇ ಒಂದು ಮೇಜು ಹಾಕಿಕೊಂಡು ಬೀದಿಯವರ ವಾಚು ರಿಪೇರಿ ಮಾಡಿಕೊಂಡಿದ್ದರು. ಈಗ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಮನೆ ಬಾಡಿಗೆಗೆ ಕೊಡೋಣ ಅಂತ ಸಾಮಾನು ತೆಗೆಯುತ್ತಿದ್ದೆವು. ಬೀರುವಿನ ಮೇಲೆ ತಗಡಿನ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ 37 ವಾಚು. ಜನತಾ, ಪೈಲಟ್, ಕೊಹಿನೂರ್, ಸೋನಾ, ಒಂದು ಕಾಂಚನ್, ನಾಲ್ಕೈದು ಬ್ಯಾಟರಿಯವು. ಒಂದೊಂದನ್ನೂ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿಟ್ಟಿದ್ದಾರೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಹಳೇ ನಾಣ್ಯ ಇದೆ. ಒಂದು ವಾಲ್ವ್ ರೇಡಿಯೋ, ಅದರ ಲೈಸೆನ್ಸ್ ಪುಸ್ತಕದ ಸಮೇತ.

ಅಣ್ಣ ಬೆಂಗಳೂರಿನ ಒಬ್ಬ ವ್ಯಾಪಾರಿಯನ್ನು ಕರೆತಂದಿದ್ದ. ಆತ ಡಬ್ಬಿಗೆ ಕೈ ಹಾಕಿ ಎರಡು ಸಲ ಆಡಿಸಿ, ಎಲ್ಲಾ ಸೇರಿ 15,000 ಅಂದ. ಒಂದನ್ನೂ ತಿರುಗಿಸಿ ನೋಡಲಿಲ್ಲ. ಅಣ್ಣನಿಗೆ ಕೊಟ್ಟು ಕೈ ತೊಳೆದುಕೊಳ್ಳುವ ಆತುರ. ನನಗೆ ಮನಸ್ಸಿಲ್ಲ. ಆದರೆ ರೇಟು ಎಷ್ಟು ಹೇಳಬೇಕು, ಎಲ್ಲಿ ಮಾರಬೇಕು, ಒಂದೂ ಗೊತ್ತಿಲ್ಲ.

ಕೀಲಿವಾಚು:
ಕೊಡಬೇಡಿ. ಕೊಡಬೇಡಿ. ಕೊಡಬೇಡಿ.

ಗುಂಡುಗುತ್ತಿಗೆಗೆ ಕೇಳುವವನು ಯಾವತ್ತೂ ಒಳಗೆ ಒಂದು ಒಳ್ಳೆಯದನ್ನು ಕಂಡಿರುತ್ತಾನೆ. ಉಳಿದ 36 ಅವನಿಗೆ ಪುಕ್ಕಟೆ.

ಕ್ಯಾತ್ಸಂದ್ರ ತಟ್ಟೆ:
37 ವಾಚು ಇದ್ದರೂ ನಿಮ್ಮ ಅಪ್ಪ ಮದುವೆ ಮನೆಗೆ ಟೈಮಿಗೆ ಸರಿಯಾಗಿ ಬರುತ್ತಿದ್ದರಾ ಅದು ಹೇಳಿ ಮೊದಲು 😄

ಶಿರಾಗೇಟ್ ಹುಡುಗ:
ಅರ್ಧ ಗಂಟೆ ಮುಂಚೆ ಹೋಗಿ ಮೊದಲ ಪಂಕ್ತಿಯಲ್ಲಿ ಕೂರುತ್ತಿದ್ದರು.

ಮಧುಗಿರಿ ಅಕ್ಕ:
ತಮ್ಮಾ, ವರ್ಷದ ತಿಥಿ ಆಗಲಿ ಮೊದಲು. ಒಂಬತ್ತೇ ತಿಂಗಳಿಗೆ ಡಬ್ಬಿ ಬಿಚ್ಚಿ ಬೆಲೆ ಕಟ್ಟುತ್ತಾರಾ? ಅಮ್ಮ ಏನಂದರು, ಅದು ನೀವು ಬರೆದೇ ಇಲ್ಲ. ಅಕ್ಕತಂಗಿ ಇದ್ದಾರಾ? ಇದ್ದರೆ ಅವರಿಗೂ ಪಾಲಿದೆ. ವಿಲ್ ಬರೆದಿಡದೆ ಹೋದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಸೈಟು, ಮನೆ ಮಾತ್ರ ಅಲ್ಲ, ಡಬ್ಬಿಯಲ್ಲಿರುವ ವಾಚಿಗೂ ಅದೇ ಲೆಕ್ಕ.

ಗುಬ್ಬಿಗೇಟ್:
ಅಕ್ಕ, ಹಳೇ ವಾಚಿಗೂ ಪಾಲು ಪಟ್ಟಿ ಮಾಡಿಸಬೇಕಾ? ಸುಮ್ನೆ ಮಾರಿ ದುಡ್ಡು ಹಂಚಿಕೊಂಡರೆ ಆಯಿತು.

ಮಧುಗಿರಿ ಅಕ್ಕ:
ಪಟ್ಟಿ ಮಾಡಿಸಿ ಅಂದೆನಾ ನಾನು? ಕೇಳಿ ಅಂದೆ. ನಮ್ಮ ಮನೆಯಲ್ಲಿ ಅಪ್ಪನ ಹಿತ್ತಾಳೆ ಹಂಡೆ ಯಾರಿಗೂ ಹೇಳದೆ ಗುಜರಿಗೆ ಹೋಯಿತು. ಹನ್ನೆರಡು ವರ್ಷ ಆಯಿತು, ಇವತ್ತಿಗೂ ಗೌರಿ ಹಬ್ಬಕ್ಕೆ ಹೋದಾಗ ಆ ಹಂಡೆ ಮಾತು ಬರುತ್ತೆ.

ಕೀಲಿವಾಚು:
ಪಾಲಿನ ಮಾತು ಮುಗಿದಿದ್ದರೆ ವಾಚಿಗೆ ಬರೋಣ. ನಾನು ಹದಿನೈದು ವರ್ಷದಿಂದ ಎಚ್‌ಎಂಟಿ ಕೂಡಿಡುತ್ತಿದ್ದೇನೆ. ನಿಮಗೆ ಹೇಳಬೇಕಾದ್ದು ಇಷ್ಟು.

ಮೊದಲು ಬ್ಯಾಟರಿ ವಾಚುಗಳ ಹಿಂದಿನ ಮುಚ್ಚಳ ತೆಗೆಸಿ ಸೆಲ್ ಹೊರಗೆ ತೆಗೆಯಿರಿ. ಇವತ್ತೇ. ಸೆಲ್ ಸೋರಿದರೆ ಒಳಗಿನ ಸರ್ಕ್ಯೂಟ್ ತಿಂದುಹಾಕುತ್ತೆ.

ಕೀ ಕೊಡುವ ವಾಚುಗಳನ್ನು ಓಡುತ್ತಾ ನೋಡೋಣ ಅಂತ ಕೀ ಕೊಟ್ಟು ಕೊಟ್ಟು ಓಡಿಸಬೇಡಿ. ಒಳಗೆ ಎಣ್ಣೆ ಒಣಗಿ ಅಂಟಾಗಿರುತ್ತೆ. ಹತ್ತು ಸುತ್ತು ಕೊಟ್ಟು ಓಡುತ್ತಾ ಅಂತ ನೋಡಿ, ಬಿಟ್ಟುಬಿಡಿ. ಕೇಸ್ ಪಾಲಿಶ್ ಮಾಡಿಸಬೇಡಿ, ಡಯಲ್ ಅಂತೂ ಮುಟ್ಟಲೇಬೇಡಿ. ಫಳಫಳ ಹೊಳೆಯುವ ಡಯಲ್ ಕಂಡರೆ ನಮ್ಮಂಥವರು ಓಡಿಹೋಗುತ್ತೇವೆ. ಮಾರ್ಕೆಟ್ಟಿನಲ್ಲಿ ಈಗ ಮರುಬಣ್ಣದ ಡಯಲ್ಲೇ ಜಾಸ್ತಿ. ಗಿಳಿ ಹಸಿರು, ಕಿತ್ತಳೆ, ಗುಲಾಬಿ, ಏನೇನೋ ಬಣ್ಣದ ಪೈಲಟ್ ಬರುತ್ತೆ. ಅಕ್ಷರ ಹರಡಿರುತ್ತೆ, ನಿಮಿಷದ ಗೆರೆ ಒಂದು ಉದ್ದ ಒಂದು ಗಿಡ್ಡ. ಭೂತಗನ್ನಡಿ ಹಿಡಿದರೆ ಗೊತ್ತಾಗುತ್ತೆ.

ಇನ್ನು ರೇಟು. ಆನ್‌ಲೈನ್‌ನಲ್ಲಿ ಯಾರೋ ಜನತಾಗೆ ಎಂಟು ಸಾವಿರ ಹಾಕಿದ್ದಾರೆ ಅಂತ ಅದೇ ರೇಟು ಅಂದುಕೊಳ್ಳಬೇಡಿ. ಅದು ಕೇಳುವ ರೇಟು, ಹೋಗುವ ರೇಟಲ್ಲ. ಇಬೇಯಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ಒತ್ತಿ ನೋಡಿ.

ಗುಬ್ಬಿಗೇಟ್:
1961ರ ತುಮಕೂರು ಫ್ಯಾಕ್ಟರಿ ಅಲ್ವಾ ಅದು? ಜಪಾನಿನವರು ಬಂದು ಕಲಿಸಿಕೊಟ್ಟಿದ್ದು?

ಹಳೇ ಶಿಫ್ಟು:
ಅಲ್ಲ ಸಾರ್. 1961 ಬೆಂಗಳೂರಿನದು, ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಶುರುವಾಗಿದ್ದು. ತುಮಕೂರಿನದು 1978. ನಾನೂ ಅಲ್ಲೇ ಇದ್ದವನು. 2016ರಲ್ಲಿ ವಾಚ್ ಕಂಪನಿ ಮುಚ್ಚುವುದಕ್ಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆಮೇಲೆ ತುಮಕೂರಿನ ಜಾಗ ಇಸ್ರೋಗೆ ಹೋಯಿತು. ನಾವು ವಾಚು ಜೋಡಿಸಿದ ಕಡೆ ಈಗ ರಾಕೆಟ್ಟಿನ ಕೆಲಸ ಅಂತೆ, ಇರಲಿ.

ಶಿರಾಗೇಟ್ ಹುಡುಗ ಅವರೇ, ನಿಮ್ಮ ತಂದೆ ಯಾವ ಲೈನಿನಲ್ಲಿದ್ದರು? ಹೆಸರು ಇಲ್ಲಿ ಹಾಕಬೇಡಿ, ಮೆಸೇಜ್ ಮಾಡಿ.

ತಿಪಟೂರು ಕಾಯಿ:
ಆನ್‌ಲೈನ್ ಅಂದರೆ ನನ್ನ ಕಥೆ ಕೇಳಿ. ತಾತನ ಹೊಲಿಗೆ ಮಷಿನ್ ಒಂದು ಆ್ಯಪ್‌ನಲ್ಲಿ ಹಾಕಿದೆ. ಹತ್ತು ನಿಮಿಷಕ್ಕೆ ಫೋನು. "ನಾನು ಮಿಲಿಟರಿಯಲ್ಲಿದ್ದೀನಿ, ಚೌಕಾಸಿ ಮಾಡಲ್ಲ, ನಮ್ಮ ಗಾಡಿ ಬಂದು ತಗೊಂಡು ಹೋಗುತ್ತೆ." ಫೋಟೋದಲ್ಲಿ ಯೂನಿಫಾರ್ಮು, ಕಾರ್ಡು, ಎಲ್ಲಾ. ಅಡ್ವಾನ್ಸ್ ಕಳಿಸುತ್ತೇನೆ ಅಂತ ಒಂದು ಕ್ಯೂಆರ್ ಕಳಿಸಿದ. ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. 4,500 ಬಂತು ಅಂದುಕೊಂಡೆ, ಹೋಗಿತ್ತು. ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಲ್ಲ ಅನ್ನುವುದು ಅವತ್ತು ತಲೆಗೆ ಹೋಯಿತು.

ಕ್ಯಾತ್ಸಂದ್ರ ತಟ್ಟೆ:
ಹೊಲಿಗೆ ಮಷಿನ್ ತಗೊಳ್ಳುವುದಕ್ಕೆ ಮಿಲಿಟರಿ ಗಾಡಿ ಬರುತ್ತೆ ಅಂತ ನಂಬಿದಿರಾ ಗುರುಗಳೇ?

ತಿಪಟೂರು ಕಾಯಿ:
ಆವಾಗ ನಂಬಿದೆ. ನಿಮಗೆ ಒಂದು ದಿನ ಬರುತ್ತೆ ಫೋನು, ಆವಾಗ ನಗಿ. ಹಾಗೇನಾದರೂ ಆದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ಮಾರನೇ ದಿನ ಮಾಡಿದೆ, ಅಷ್ಟೊತ್ತಿಗೆ ದುಡ್ಡು ಎಲ್ಲೋ ಹೋಗಿತ್ತು.

ಚಿಂತಾಮಣಿ ಕಾಸು:
ಹಾರ್ಲಿಕ್ಸ್ ಬಾಟಲಿಯ ನಾಣ್ಯದ ಬಗ್ಗೆ ಯಾರೂ ಕೇಳಲಿಲ್ಲವಲ್ಲ. ಏನೇನಿದೆ ಬರೆಯಿರಿ. ತೊಳೆಯಬೇಡಿ ಮಾತ್ರ.

ಶಿರಾಗೇಟ್ ಹುಡುಗ:
ತೊಳೆದಾಗಿದೆ ಸಾರ್. ಅಮ್ಮ ಅರ್ಧ ನಾಣ್ಯಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಲಕ್ಷ್ಮೀ ಪೂಜೆಗೆ ತಟ್ಟೆಯಲ್ಲಿ ಇಡುತ್ತಿದ್ದರು. ತಾಮ್ರದವು ಹೊಸ ಚೊಂಬಿನ ಥರ ಹೊಳೆಯುತ್ತಿವೆ. ಬೆಳ್ಳಿಯವು 11 ಇವೆ. 1862ರದ್ದು ಮೂರು, ರಾಣಿ ತಲೆ ಇದೆ. ಉಳಿದವು ರಾಜನ ತಲೆ, 1907, 1912, 1918 ಹೀಗೆ. ಎರಡು 1944ರವು. ಆಮೇಲೆ ಒಂದು ದೊಡ್ಡದು, ರಾಮ ಪಟ್ಟಾಭಿಷೇಕದ ಚಿತ್ರ, ಈಸ್ಟ್ ಇಂಡಿಯಾ ಕಂಪನಿ 1818 ಅಂತಿದೆ. ಅಣ್ಣ ಇದು ಲಕ್ಷ ಬಾಳುತ್ತೆ ಅನ್ನುತ್ತಿದ್ದಾನೆ.

ಚಿಂತಾಮಣಿ ಕಾಸು:
ಅಯ್ಯೋ ಆ 1818!

ಕಂಪನಿಯವರು ರಾಮನ ಚಿತ್ರ ಹಾಕಿ ನಾಣ್ಯ ಹೊಡೆಯಲೇ ಇಲ್ಲ. ಅದು ದೇವಸ್ಥಾನಗಳ ಹತ್ತಿರ, ಜಾತ್ರೆಗಳಲ್ಲಿ ಮಾರುವ ಬಿಲ್ಲೆ. ನಮ್ಮ ಜಿಲ್ಲೆಯಲ್ಲಿ ಮನೆಗೊಂದು ಇದೆ. ಇದನ್ನೇ ಹಿಡಿದುಕೊಂಡು ರೈಸ್ ಪುಲ್ಲಿಂಗ್ ಅಂತ ಊರೂರು ಸುತ್ತುವ ತಂಡಗಳಿವೆ. ನಾಣ್ಯ ಅಕ್ಕಿ ಕಾಳನ್ನು ಎಳೆದುಕೊಳ್ಳುತ್ತೆ, ವಿದೇಶದವರು ಕೋಟಿ ಕೊಡುತ್ತಾರೆ, ಮೊದಲು ಪರೀಕ್ಷೆಗೆ ಎರಡು ಲಕ್ಷ ಕಟ್ಟಿ ಅನ್ನುತ್ತಾರೆ. ನಿಮ್ಮ ಅಣ್ಣನಿಗೆ ಈಗಲೇ ಹೇಳಿಬಿಡಿ. ಟ್ರಾಕ್ಟರ್ ಚಿತ್ರದ ಐದು ರೂಪಾಯಿ ನೋಟು, 786 ನಂಬರ್ ನೋಟು, ಎಲ್ಲಾ ಇದೇ ಕಥೆ. ಹಳೇ ನೋಟು, ನಾಣ್ಯ ಕೊಳ್ಳುತ್ತೇವೆ ಅಂತ ರಿಸರ್ವ್ ಬ್ಯಾಂಕ್ ಹೆಸರಲ್ಲಿ ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಹೇಳಿದೆ.

ಬೆಳ್ಳಿ ರೂಪಾಯಿಗೆ ಬೆಲೆ ಇದೆ. ಒಂದೊಂದು 11.66 ಗ್ರಾಂ ತೂಗುತ್ತೆ. 1939ರವರೆಗಿನದರಲ್ಲಿ ನೂರಕ್ಕೆ 91.7 ಬೆಳ್ಳಿ. 1940ರಿಂದ ಅರ್ಧಕ್ಕೆ ಇಳಿಸಿದರು. ಅಂದರೆ ನಿಮ್ಮ 1944ರ ಎರಡಕ್ಕೆ ಕಡಿಮೆ ರೇಟು, ಬೇರೆ ಎತ್ತಿಡಿ. 1862 ಹಳೇದು ಅಂತ ಆಸೆ ಬೀಳಬೇಡಿ. ಅದೇ ಇಸವಿ ಹಾಕಿ 1874ರವರೆಗೂ ಹೊಡೆದರು, ಹಾಗಾಗಿ ಬೇಕಾದಷ್ಟಿವೆ. ಸವೆದಿದ್ದರೆ ಬೆಳ್ಳಿ ರೇಟು, ಮುಖದ ಗೆರೆ ಚೆನ್ನಾಗಿದ್ದರೆ ಮೇಲೆ ಸ್ವಲ್ಪ. ಅವತ್ತಿನ ಬೆಳ್ಳಿ ರೇಟು ನೋಡಿಕೊಂಡು ಹೋಗಿ. ಕರಗಿಸುವ ಬೆಲೆಗಿಂತ ಕಡಿಮೆಗೆ ಕೇಳುವವನಿಗೆ ನಮಸ್ಕಾರ ಹಾಕಿ ಬನ್ನಿ.

ಇನ್ನೊಂದು ಮಾತು. ನೂರು ವರ್ಷ ದಾಟಿದ ನಾಣ್ಯವನ್ನು ವಿದೇಶಕ್ಕೆ ಪೋಸ್ಟ್ ಮಾಡಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಅದು ಪುರಾತನ ವಸ್ತು, ಹೊರಗೆ ಕಳಿಸುವ ಹಾಗಿಲ್ಲ.

ಕೆಜಿಎಫ್ ಮೊಮ್ಮಗ:
ನನ್ನ ಹತ್ತಿರ ತಾತನ ಹಿತ್ತಾಳೆ ಬಿಲ್ಲೆ ಇದೆ, ಗಣಿಗೆ ಇಳಿಯುವಾಗ ಕೊಡುತ್ತಿದ್ದ ನಂಬರಿನದು. ಕಾರ್ಬೈಡ್ ದೀಪ ಕೂಡ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಇಂಥವು ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋದವು. ಈಗ ಬೆಂಗಳೂರಿನ ಕೆಫೆಯವರು ಗೋಡೆಗೆ ನೇತು ಹಾಕಲು ಹುಡುಕುತ್ತಾರೆ. ನಾನು ಕೊಟ್ಟಿಲ್ಲ.

ಕ್ಯಾತ್ಸಂದ್ರ ತಟ್ಟೆ:
ಕೆಜಿಎಫ್ ಅಂದರೆ ಎಲ್ಲರೂ ಬಂಗಾರ ಇಟ್ಟುಕೊಂಡಿರುತ್ತೀರಿ ಅಂದುಕೊಂಡಿದ್ದೆ.

ಕೆಜಿಎಫ್ ಮೊಮ್ಮಗ:
ತಾತನಿಗೆ ಬಂದಿದ್ದು ಕೆಮ್ಮು ಅಣ್ಣ.

ಶಿರಾಗೇಟ್ ಹುಡುಗ:
ವಾಚುಗಳ ಫೋಟೋ ಹಾಕಿದ್ದೇನೆ, ನೋಡಿ. ಆರನೆಯದು ಕಪ್ಪು ಡಯಲಿನ ಪೈಲಟ್. ಅಪ್ಪ ದಿನಾ ಕಟ್ಟುತ್ತಿದ್ದದ್ದು ಅದೇ. ಅದಕ್ಕೆ ಎಷ್ಟು ಬರಬಹುದು?

ಕೀಲಿವಾಚು:
ಬೇಜಾರು ಮಾಡಿಕೊಳ್ಳಬೇಡಿ, ಅದು ಬೆರಕೆ. ಡಯಲ್ ಒಳ್ಳೆಯದು, ಒರಿಜಿನಲ್. ಆದರೆ ಗಂಟೆ ಮುಳ್ಳಿನಲ್ಲಿ ರೇಡಿಯಂ ಇದೆ, ನಿಮಿಷದ ಮುಳ್ಳಿನಲ್ಲಿ ಇಲ್ಲ. ಎರಡು ವಾಚಿನ ಮುಳ್ಳು ಸೇರಿಸಿದ್ದಾರೆ. ನೋಡಿದ 37ರಲ್ಲಿ ಕನಿಷ್ಠ ಹತ್ತು ಹೀಗೇ ಇವೆ. ಕೂಡಿಡುವವರು ಇಂಥದ್ದಕ್ಕೆ ಅರ್ಧ ಬೆಲೆ ಕೊಡುತ್ತಾರೆ.

ಹಳೇ ಶಿಫ್ಟು:
ಬೆರಕೆ ಅನ್ನಬೇಡಿ ಸ್ವಾಮಿ. ಬೆರಕೆ ಅನ್ನುವುದು ಮೋಸಕ್ಕೆ. ಮುಂಬೈಯಲ್ಲಿ ಗುಜರಿ ಮೆಷಿನ್‌ಗೆ ಹೊಸ ಬಣ್ಣದ ಡಯಲ್ ಹಾಕಿ ಮಾರುತ್ತಾರಲ್ಲ, ಅದು. ಇದು ರಿಪೇರಿ. ಮುಳ್ಳು ಮುರಿಯಿತು, ಅದೇ ಮುಳ್ಳು ಸಿಗಲಿಲ್ಲ, ಅಳತೆಗೆ ಕೂರುವುದನ್ನು ಹಾಕಿದರು. ವಾಚಿನ ಒಳಗೆ ಓಡುವ 0231 ನಂಬರಿನ ಮೆಷಿನ್ ಎಷ್ಟೊಂದು ಮಾಡೆಲ್‌ಗೆ ಒಂದೇ. ಜನತಾ ಒಳಗೂ ಅದೇ, ಪೈಲಟ್ ಒಳಗೂ ಅದೇ, 17 ಜ್ಯುವೆಲ್, ಅಂದರೆ ಚಕ್ರ ತಿರುಗುವ ಕಡೆ ಸವೆಯದ ಹಾಗೆ ಕೂರಿಸುವ ಹರಳು. ಒಂದರದ್ದು ಇನ್ನೊಂದಕ್ಕೆ ಕೂರುತ್ತೆ. ವಾಚು ಇರುವುದು ಟೈಮ್ ನೋಡುವುದಕ್ಕೆ.

ಕೀಲಿವಾಚು:
ಸಾರ್, ನಿಮ್ಮ ಮೇಲೆ ಗೌರವ ಇದೆ. ಆದರೆ ದುಡ್ಡು ಕೊಟ್ಟು ತಗೊಳ್ಳುವವನಿಗೆ ಹೇಗೆ ಗೊತ್ತಾಗಬೇಕು ಇದು ರಿಪೇರಿ, ಅದು ಮೋಸ ಅಂತ? ನೋಡುವುದಕ್ಕೆ ಎರಡೂ ಒಂದೇ.

ಹಳೇ ಶಿಫ್ಟು:
ಮಾರುವವನು ಬಾಯಿ ಬಿಟ್ಟು ಹೇಳಿದರೆ ಗೊತ್ತಾಗುತ್ತೆ.

ತಿಪಟೂರು ಕಾಯಿ:
ಮಾರುವವನು ನಿಜ ಹೇಳುತ್ತಾನೆ ಅಂತ ನಂಬಿ ಕೂತರೆ ಆಯಿತು ಬಿಡಿ.

ಶಿರಾಗೇಟ್ ಹುಡುಗ:
ಇಬ್ಬರೂ ಜಗಳ ಆಡಬೇಡಿ. ಹಳೇ ಶಿಫ್ಟು ಸಾರ್ ಮೆಸೇಜ್‌ನಲ್ಲಿ ಒಂದು ಮಾತು ಹೇಳಿದರು. ರಿಪೇರಿ ಮಾಡುವವರು ಚೀಟಿ ಇಡದೆ ಇರುವುದಿಲ್ಲ, ಸುತ್ತಿದ ಕಾಗದ ಬಿಸಾಡಬೇಡಿ ಅಂತ. ನಾನು ಫೋಟೋ ತೆಗೆಯುವಾಗ ಎಲ್ಲಾ ಕ್ಯಾಲೆಂಡರ್ ಹಾಳೆ ತೆಗೆದು ಒಂದು ಕವರ್‌ಗೆ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದೆ. ಕಸದ ಗಾಡಿ ಬರುವ ಮುಂಚೆ ಓಡಿಹೋಗಿ ತಂದೆ.

ಪ್ರತಿ ಹಾಳೆ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ. ಕಪ್ಪು ಪೈಲಟ್‌ದು ಹೀಗಿದೆ: "ನಿ. ಮುಳ್ಳು ಬದಲು. ಗ್ಲಾಸ್ ಹೊಸದು. 12-3-2009. ದಿನಕ್ಕೆ 2 ನಿ. ಮುಂದೆ."

ಅದು ಬಿಡಿ. ಒಂಬತ್ತು ಹಾಳೆಯಲ್ಲಿ ಬೇರೆಯವರ ಗುರುತಿದೆ. "ಡೈರಿ ಮನೆ, 80 ಬಾಕಿ." "ಬಟವಾಡಿ ಮೇಷ್ಟ್ರು, ಸ್ಪ್ರಿಂಗ್ ಸಿಗಬೇಕು." "ಕೆಂಪು ಸ್ಕೂಟರ್." ಅಂದರೆ ಆ ಒಂಬತ್ತು ವಾಚು ಅಪ್ಪನದ್ದೇ ಅಲ್ಲ. ರಿಪೇರಿಗೆ ಕೊಟ್ಟವರು ವಾಪಸ್ ಬಂದಿಲ್ಲ. ಈಗ ಏನು ಮಾಡಲಿ? ಮಾರಬಹುದಾ?

ಗುಬ್ಬಿಗೇಟ್:
ಮಾರಿ. ಎಷ್ಟು ವರ್ಷದಿಂದ ಬಂದಿಲ್ಲ ಅವರು. ಕಾದಿದ್ದಕ್ಕೆ ಬಾಡಿಗೆ ಅಂದುಕೊಳ್ಳಿ.

ಮಧುಗಿರಿ ಅಕ್ಕ:
ಮಾರಬೇಡಿ. ಡೈರಿ ಮನೆ ಎಲ್ಲಿ ಅಂತ ನಿಮ್ಮ ಅಮ್ಮನಿಗೆ ಗೊತ್ತಿರುತ್ತೆ, ಕೇಳಿ.

ಕ್ಯಾತ್ಸಂದ್ರ ತಟ್ಟೆ:
ಕೆಂಪು ಸ್ಕೂಟರ್‌ನವರನ್ನು ಹುಡುಕುವುದು ಹೇಗೆ? ಇಡೀ ತುಮಕೂರಲ್ಲಿ ಕೆಂಪು ಸ್ಕೂಟರ್ ಇಟ್ಟುಕೊಂಡಿದ್ದವರು ಕೈ ಎತ್ತಿ.

ಕೀಲಿವಾಚು:
ನಾನು ಮಾತು ಹಿಂದೆ ತಗೊಳ್ಳುತ್ತೇನೆ. ಚೀಟಿ ಇದೆ ಅಂದರೆ ಕಥೆ ಬೇರೆ. ಜೋಡಿಸಿದವರೇ ಏನು ಬದಲಿಸಿದೆ, ಯಾವತ್ತು ಬದಲಿಸಿದೆ ಅಂತ ಬರೆದಿಟ್ಟ ವಾಚು ನನಗೆ ಇದುವರೆಗೆ ಸಿಕ್ಕಿಲ್ಲ. ಮಾರುವಾಗ ಚೀಟಿ ಜೊತೆಗೇ ಕೊಡಿ, ಫೋಟೋದಲ್ಲೂ ತೋರಿಸಿ. ಕಪ್ಪು ಪೈಲಟ್ ಕೊಡುವುದಾದರೆ ನನಗೆ ಮೊದಲು ಹೇಳಿ.

ಹಳೇ ಶಿಫ್ಟು:
ನಿನ್ನೆ ಬೆರಕೆ ಅಂದಿರಿ.

ಕೀಲಿವಾಚು:
ಅಂದೆ ಸಾರ್. ಈಗ ಕೇಳುತ್ತಿದ್ದೇನೆ.

ವಾಲ್ವ್ ಅಣ್ಣ:
ಎರಡು ದಿನದಿಂದ ಓದುತ್ತಿದ್ದೇನೆ, ರೇಡಿಯೋ ಬಗ್ಗೆ ಒಬ್ಬರೂ ಎತ್ತಲಿಲ್ಲ. ದಯವಿಟ್ಟು ಅದನ್ನು ಹಾಗೇ ಕರೆಂಟಿಗೆ ಹಾಕಬೇಡಿ. ಒಳಗಿನ ಹಳೇ ಕಂಡೆನ್ಸರ್ ಸಿಡಿಯಬಹುದು, ಟ್ರಾನ್ಸ್‌ಫಾರ್ಮರ್ ಸುಟ್ಟರೆ ಮುಗಿಯಿತು. ಗೊತ್ತಿರುವ ಎಲೆಕ್ಟ್ರಿಷಿಯನ್ ಹತ್ತಿರ ಸೀರೀಸ್ ಬಲ್ಬ್, ಅಂದರೆ ಕರೆಂಟು ಒಂದು ಬಲ್ಬ್ ಮೂಲಕವೇ ರೇಡಿಯೋಗೆ ಹೋಗುವ ಹಾಗೆ, ಹಾಕಿಸಿ ನೋಡಿ. ಬಲ್ಬ್ ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ ಅಂತ.

ಲೈಸೆನ್ಸ್ ಪುಸ್ತಕ ಬೇರೆ ಮಾಡಬೇಡಿ, ರೇಡಿಯೋ ಜೊತೆಗೇ ಇರಲಿ. ಪೋಸ್ಟಾಫೀಸಿಗೆ ಹೋಗಿ ವರ್ಷ ವರ್ಷ ದುಡ್ಡು ಕಟ್ಟಿ ಮುದ್ರೆ ಹಾಕಿಸಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. ಈಗಿನ ಮಕ್ಕಳಿಗೆ ರೇಡಿಯೋ ಕೇಳುವುದಕ್ಕೆ ಲೈಸೆನ್ಸ್ ಇತ್ತು ಅಂದರೆ ನಗುತ್ತಾರೆ.

ತಿಪಟೂರು ಕಾಯಿ:
ನಮ್ಮ ಮನೆಯಲ್ಲಿ ಲೈಸೆನ್ಸ್ ಇರಲಿಲ್ಲ. ಇನ್‌ಸ್ಪೆಕ್ಟರ್ ಬಂದರೆ ಅಂತ ಅಜ್ಜಿ ರೇಡಿಯೋ ಮೇಲೆ ಕಂಬಳಿ ಹೊದಿಸುತ್ತಿದ್ದರು. ಕಂಬಳಿ ಒಳಗಿಂದಲೇ ಪ್ರದೇಶ ಸಮಾಚಾರ ಕೇಳುತ್ತಿದ್ದೆವು.

ಚಿಂತಾಮಣಿ ಕಾಸು:
ಕಳಿಸುವ ಬಗ್ಗೆ: ವಾಚು ಆದರೂ ನಾಣ್ಯ ಆದರೂ ಇನ್ಶೂರ್ ಮಾಡಿಸಿಯೇ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ ಮಾಡಿ.

ಕೀಲಿವಾಚು:
ರಿಜಿಸ್ಟರ್ಡ್ ಪೋಸ್ಟ್ ಈಗ ಬೇರೆ ಇಲ್ಲ, 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ಟರು. ಪ್ಯಾಕ್ ಮಾಡುವಾಗ ಕೀಲಿ ತಿರುಪು ಗ್ಲಾಸಿಗೆ ತಾಗದ ಹಾಗೆ ಸ್ಪಂಜ್ ಇಡಿ. ಮತ್ತೆ ಪ್ಯಾಕ್ ಮಾಡುವುದನ್ನು ವಿಡಿಯೋ ಮಾಡಿಟ್ಟುಕೊಳ್ಳಿ. ಖಾಲಿ ಡಬ್ಬಿ ಬಂತು ಅನ್ನುವವರಿದ್ದಾರೆ.

ಶಿರಾಗೇಟ್ ಹುಡುಗ:
ಕೆಲವು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಯಾರೋ ಮೆಸೇಜ್ ಮಾಡಿ ಏನಾಯಿತು ಅಂತ ಕೇಳಿದರು.

ತಿಥಿ ಮುಗಿಸಿಯೇ ಶುರು ಮಾಡಿದೆವು ಅಕ್ಕ. ಒಂಬತ್ತರಲ್ಲಿ ಐದು ವಾಚಿನ ಮನೆ ಸಿಕ್ಕಿತು. ಡೈರಿ ಮನೆಯವರು 80 ರೂಪಾಯಿ ಕೊಡಲೇಬೇಕು ಅಂತ ಹಟ ಹಿಡಿದು, ಮೇಲೆ ಒಂದು ಲೀಟರ್ ಹಾಲು ಕೊಟ್ಟು ಕಳಿಸಿದರು. ಬಟವಾಡಿ ಮೇಷ್ಟ್ರು ಇಲ್ಲ, ಅವರ ಮಗಳಿಗೆ ಕೊಟ್ಟೆ. ಹಳೇ ಶಿಫ್ಟು ಸಾರ್ ಮನೆಗೆ ಬಂದು ಆ ವಾಚಿಗೆ ಸ್ಪ್ರಿಂಗ್ ಹಾಕಿಕೊಟ್ಟರು, ಅಪ್ಪನ ಚಿಮಟದಲ್ಲೇ. ಉಳಿದ ನಾಲ್ಕು ಹಾಗೇ ಇವೆ.

ಅಪ್ಪನವು 28. ಚೀಟಿ ಸಮೇತ ಫೋಟೋ ಹಾಕಿ ಹದಿನಾರು ಒಂದೊಂದಾಗಿ ಮಾರಿದೆ. ಎಲ್ಲಾ ಸೇರಿ 31,400 ಬಂತು. ಕಾಂಚನ್ ಒಂದಕ್ಕೇ ಚೆನ್ನಾಗಿ ಬಂತು. ಅಣ್ಣ ಈಗ ತಾನೇ ಮೊದಲಿಂದ ಹೀಗೆ ಮಾರೋಣ ಅಂದಿದ್ದೆ ಅನ್ನುತ್ತಿದ್ದಾನೆ. ಬೆಳ್ಳಿ ರೂಪಾಯಿ ಅಮ್ಮ ಕೊಡುವುದಿಲ್ಲ ಅಂದರು, ಪೂಜೆ ತಟ್ಟೆಗೆ ವಾಪಸ್ ಹೋಯಿತು. ರಾಮನ ಬಿಲ್ಲೆಯೂ ಅಲ್ಲೇ ಇದೆ. ರೇಡಿಯೋ ಬಲ್ಬ್ ಪರೀಕ್ಷೆಯಲ್ಲಿ ಫೇಲ್. ಆದರೂ ಬೆಂಗಳೂರಿಗೆ ಬಂದಿದೆ, ಅದರ ಮೇಲೆ ಅಮ್ಮನ ಮಾತ್ರೆ ಡಬ್ಬಿ ಇಟ್ಟಿದ್ದಾರೆ.

ಕ್ಯಾತ್ಸಂದ್ರ ತಟ್ಟೆ:
ಕೆಂಪು ಸ್ಕೂಟರ್ ಸಿಕ್ಕರಾ?

ಶಿರಾಗೇಟ್ ಹುಡುಗ:
ಇಲ್ಲ.

ಕೀಲಿವಾಚು:
ಕಪ್ಪು ಪೈಲಟ್ ಮಾರಿದ 16ರಲ್ಲಿ ಇರಲಿಲ್ಲ. ನಾನು ಎಲ್ಲಾ ಫೋಟೋ ನೋಡಿದ್ದೇನೆ. ಇನ್ನೂ ಇದೆ ತಾನೇ?

ಶಿರಾಗೇಟ್ ಹುಡುಗ:
ತಂಗಿ ತಿಥಿ ದಿನವೇ ಕೈಗೆ ಕಟ್ಟಿಕೊಂಡು ಹೋದಳು ಸಾರ್. ನಿನ್ನೆ ಫೋನ್ ಮಾಡಿದ್ದಳು, ಎರಡು ನಿಮಿಷ ಮುಂದೆ ಓಡುತ್ತಂತೆ.